ಮನೆ, ಮಕ್ಕಳ ಜೊತೆ ಪುಸ್ತಕ ಪ್ರಕಾಶನ ನಡೆಸಲು ಆಗುತ್ತಾ?

ತೀರ್ಥಹಳ್ಳಿಯಿಂದ ಕೇಳಿದ್ದೀರಿ. ಮನೆಯಲ್ಲಿ ಇಬ್ಬರು ಸಣ್ಣ ಮಕ್ಕಳು, ಪುಸ್ತಕ ಪ್ರಕಟಿಸುವ ಆಸೆ, ಎರಡೂ ಒಟ್ಟಿಗೆ ಆಗುತ್ತಾ, ಅದಕ್ಕೆ ಬೆಂಗಳೂರಿಗೇ ಹೋಗಬೇಕಾ ಅಂತ. ನಾನು ಸಾಗರದ ಹತ್ತಿರದ ಹಳ್ಳಿಯಲ್ಲಿ ಒಂಬತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಖಂಡಿತ ಆಗುತ್ತದೆ. ಆದರೆ ವರ್ಷಕ್ಕೆ ಎರಡು ಪುಸ್ತಕ, ಹೆಚ್ಚೆಂದರೆ ಮೂರು.

ಬೆಂಗಳೂರು ಬೇಡ. ನೀನಾಸಂ ರಂಗಸಂಸ್ಥೆಯ ಕೆ. ವಿ. ಸುಬ್ಬಣ್ಣನವರು ಅಕ್ಷರ ಪ್ರಕಾಶನ ಕಟ್ಟಿದ್ದು ಸಾಗರದ ಹತ್ತಿರದ ಹಳ್ಳಿ ಹೆಗ್ಗೋಡಿನಲ್ಲಿ, ಅಡಿಕೆ ತೋಟ ನೋಡಿಕೊಂಡೇ. ಈಗಂತೂ ಫೈಲ್ ಮೇಲ್‌ನಲ್ಲಿ ಹೋಗುತ್ತದೆ, ಪುಸ್ತಕದ ಬಂಡಲ್ ಬಸ್ಸಿನಲ್ಲಿ ಬರುತ್ತದೆ. ಐಎಸ್‌ಬಿಎನ್‌ಗೆ, ಅಂದರೆ ಪುಸ್ತಕದ ಗುರುತಿನ ಸಂಖ್ಯೆಗೆ, ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು, ದುಡ್ಡಿಲ್ಲ.

ಕಷ್ಟ ಇರುವುದು ತಿಂಗಳುಗಳ ಲೆಕ್ಕದಲ್ಲಿ. ಕನ್ನಡ ಪುಸ್ತಕಕ್ಕೆ ನವೆಂಬರ್ ಅಂದರೆ ಸುಗ್ಗಿ. ರಾಜ್ಯೋತ್ಸವ, ಬಿಡುಗಡೆ, ಪುಸ್ತಕ ಮಳಿಗೆ ಎಲ್ಲ ಆಗಲೇ. ನಮ್ಮ ಕಡೆ ಅಡಿಕೆ ಕೊಯ್ಲೂ ಆಗಲೇ. ಮೊದಲೆರಡು ವರ್ಷ ನಾನೂ ನವೆಂಬರ್‌ಗೇ ಪುಸ್ತಕ ತರಲು ಹೊರಟೆ. ಅಂಗಳದಲ್ಲಿ ಗೊನೆ, ಹಂಡೆಯಲ್ಲಿ ಬೇಯುವ ಅಡಿಕೆ, ಮಗಳಿಗೆ ಜ್ವರ, ಮೇಲಿಂದ ಮೇಲೆ ಮುದ್ರಕರ ಫೋನ್. ಆ ಗಡಿಬಿಡಿಯಲ್ಲಿ ಮುಖಪುಟದ ಮೇಲೆ ಲೇಖಕರ ಹೆಸರಿನ ಒತ್ತಕ್ಷರವೇ ಬಿಟ್ಟುಹೋಗಿ 500 ಪ್ರತಿ ಅಚ್ಚಾಯಿತು. ಕೈಯಿಂದ ದುಡ್ಡು ಹಾಕಿ ಮುಖಪುಟ ಮತ್ತೆ ಮಾಡಿಸಿದೆ. ಲೇಖಕರು ಒಂದು ಮಾತೂ ಆಡಲಿಲ್ಲ. ಅದು ಇನ್ನೂ ಜಾಸ್ತಿ ನೋಯಿಸಿತು.

ಆಮೇಲೆ ನವೆಂಬರ್ ಆಸೆ ಬಿಟ್ಟೆ. ಈಗ ಮಳೆಗಾಲದಲ್ಲಿ ಹಸ್ತಪ್ರತಿ ಓದು, ತಿದ್ದುವುದು. ಫೆಬ್ರವರಿಯಲ್ಲಿ ಮುದ್ರಣ, ಮಾರ್ಚ್‌ನಲ್ಲಿ ಬಿಡುಗಡೆ. ಜೂನ್ ಬರುವಷ್ಟರಲ್ಲಿ ಅರ್ಧ ಪ್ರತಿಗಳಾದರೂ ಮನೆಯಿಂದ ಹೊರಟಿರಬೇಕು. ನಿಮಗೂ ಗೊತ್ತಲ್ವಾ, ನಮ್ಮ ಥಂಡಿಗೆ ಕಾಗದ ಉಬ್ಬುತ್ತದೆ, ಬೂಷ್ಟು ಹಿಡಿಯುತ್ತದೆ. ಉಳಿದದ್ದನ್ನು ಅಡುಗೆಮನೆಯ ಮೇಲಿನ ಅಟ್ಟದಲ್ಲಿಡಿ. ಒಲೆಯ ಬಿಸಿ ತಾಗುತ್ತಿರುತ್ತದೆ.

ಕೊನೆಯ ಕರಡನ್ನು ನಾವು ಅಡಿಕೆ ಸುಲಿಯುವ ರಾತ್ರಿಗಳಲ್ಲಿ ಓದುತ್ತೇವೆ. ಮೆಟ್ಟುಗತ್ತಿ ಹಾಕಿಕೊಂಡು ಆರೇಳು ಜನ ಕೂತಿರುತ್ತಾರೆ. ನಾನು ಗಟ್ಟಿಯಾಗಿ ಓದುತ್ತೇನೆ. ಅತ್ತೆ ಕೈ ನಿಲ್ಲಿಸಿ “ಇನ್ನೊಂದ್ಸಲ ಓದು” ಅಂದರೆ ಆ ವಾಕ್ಯದ ಪಕ್ಕ ಪೆನ್ಸಿಲ್ ಗುರುತು. ಹತ್ತರಲ್ಲಿ ಎಂಟು ಸಲ ತೊಡಕು ವಾಕ್ಯದಲ್ಲೇ ಇರುತ್ತದೆ. ಮಗಳಿಗೆ ಈಗ ಹನ್ನೊಂದು. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ್ದನ್ನು ಯೂನಿಕೋಡ್‌ಗೆ ತಂದಾಗ ಅರ್ಕಾವತ್ತು ಜಾಗ ತಪ್ಪಿರುತ್ತದೆ. ಅದನ್ನು ಹಿಡಿಯುವುದರಲ್ಲಿ ಅವಳು ನನಗಿಂತ ಚುರುಕು. ಅವಳ ಹೆಸರು ಪ್ರತಿ ಪುಸ್ತಕದಲ್ಲೂ ಹಾಕುತ್ತೇನೆ.

ದುಡ್ಡಿನ ವಿಷಯ. ಮನೆಯ ಖಾತೆ, ಪುಸ್ತಕದ ಖಾತೆ ಬೇರೆ ಬೇರೆ ಇರಲಿ. ಮೊದಲ ಪುಸ್ತಕ 300 ಪ್ರತಿ ಸಾಕು. ಡೆಮಿ 1/8 ಅಳತೆಯ ಪುಸ್ತಕದಲ್ಲಿ ಒಂದು ಫಾರಂಗೆ, ಅಂದರೆ ಒಟ್ಟಿಗೆ ಅಚ್ಚಾಗಿ ಮಡಚುವ ಒಂದು ದೊಡ್ಡ ಹಾಳೆಗೆ, 16 ಪುಟ. 160 ಪುಟಕ್ಕೆ ಹತ್ತು ಫಾರಂ. ಪುಸ್ತಕ 163 ಪುಟಕ್ಕೆ ಹೋದರೆ ಆ ಮೂರು ಪುಟಕ್ಕೆ ಸುಮ್ನೆ ಖರ್ಚು ಏರುತ್ತದೆ, ವಿನ್ಯಾಸದಲ್ಲೇ ಬಿಗಿಮಾಡಿ 160ಕ್ಕೆ ಇಳಿಸಿ. ಗ್ರಂಥಾಲಯಗಳಿಗೆಂದು ಸರ್ಕಾರ ಮಾಡುವ ಸಗಟು ಖರೀದಿ ನಂಬಿ ಲೆಕ್ಕ ಹಾಕಬೇಡಿ. ಒಬ್ಬ ಮಾರಾಟಗಾರರಿಂದ ನನಗೆ ಎರಡು ವರ್ಷದ ಬಾಕಿ ಇನ್ನೂ ಬರಬೇಕು. ಈಗ ಜಾಸ್ತಿ ಪ್ರತಿಗಳನ್ನು ವಾಟ್ಸಾಪ್‌ನಲ್ಲಿ ಕೇಳಿದವರಿಗೆ ನಾನೇ ಕಳಿಸುತ್ತೇನೆ.

ಸಂಜೆ ಆರರಿಂದ ಎಂಟು ಮಕ್ಕಳಿಗೆ. ಆಗ ಲೇಖಕರ ಫೋನ್ ಕೂಡ ತೆಗೆಯುವುದಿಲ್ಲ. ಮೊದಲೇ ಹೇಳಿಟ್ಟರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ನಿಮ್ಮ ಮೊದಲ ಹಸ್ತಪ್ರತಿ ಎಷ್ಟು ಪುಟ ಇದೆ ಅಂತ ತಿಳಿಸಿ. ಫಾರಂ ಲೆಕ್ಕ ನಾನೇ ಹಾಕಿಕೊಡುತ್ತೇನೆ.