ಅಕ್ಕೋರ ಅಂಗಳ: ‘ಎ’ ಗ್ರೇಡ್ ಬಂದಿದೆ, ಓದಲು ಬರುವುದಿಲ್ಲ

(ಹಾವೇರಿ ಜಿಲ್ಲೆಯ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ 33 ವರ್ಷ ಪಾಠ ಮಾಡಿ ನಿವೃತ್ತರಾದ ಶಿಕ್ಷಕಿಯೊಬ್ಬರು ಓದುಗರ ಪ್ರಶ್ನೆಗಳಿಗೆ ಉತ್ತರಿಸುತ್ತಾರೆ.)

ಪ್ರಶ್ನೆ: ಅಕ್ಕೋರೇ, ನಮಸ್ಕಾರ. ಮಗ ನಮ್ಮೂರ ಸರ್ಕಾರಿ ಶಾಲೆಯಲ್ಲಿ ಐದನೇ ತರಗತಿ. ಪ್ರಗತಿಪತ್ರದಲ್ಲಿ ಕನ್ನಡಕ್ಕೆ ‘ಎ’ ಇದೆ. ಮೊನ್ನೆ ಗೋವಿನಜೋಳದ ಬೀಜದ ಪಾಕೀಟು ಕೈಗೆ ಕೊಟ್ಟು ‘ಏನು ಬರದಾರ ಓದಪ್ಪಾ’ ಅಂದರೆ ಎರಡು ಪದಕ್ಕೇ ಬೆವೆತುಬಿಟ್ಟ. ನಾನು ಏಳನೇ ಕ್ಲಾಸಿನವರೆಗೆ ಓದಿದವಳು. ಹಾಲು ಹಾಕಿ ಉಳಿಸಿದ ದುಡ್ಡಿನಲ್ಲಿ ಪಟ್ಟಣದ ಇಂಗ್ಲಿಷ್ ಮೀಡಿಯಂಗೆ ಸೇರಿಸೋಣ ಅನ್ನುತ್ತಾರೆ ನಮ್ಮ ಮನೆಯವರು. ಸೇರಿಸಲೇ?
– ಒಬ್ಬ ತಾಯಿ, ರಾಣೆಬೆನ್ನೂರು ತಾಲ್ಲೂಕು

ಉತ್ತರ: ಈ ವರ್ಷ ಬೇಡ, ತಂಗಿ. ಕನ್ನಡದಲ್ಲೇ ಅಕ್ಷರ ಕೂಡಿಸಲು ತಿಣುಕುವ ಹುಡುಗನನ್ನು ಇಂಗ್ಲಿಷಿನ ನಡುವೆ ಕೂರಿಸಿದರೆ, ಬಾರದ್ದನ್ನು ಇನ್ನೂ ಚೆನ್ನಾಗಿ ಬಚ್ಚಿಡುವುದನ್ನು ಕಲಿಯುತ್ತಾನೆ.

ಓದು ಬಾರದ ಮಕ್ಕಳು ದಡ್ಡರು ಅಂತ ತಿಳಿಯಬೇಡಿ. ಮಹಾ ಜಾಣರು. ಎಲ್ಲರೂ ಒಟ್ಟಿಗೆ ಓದುವಾಗ ಪಕ್ಕದವನ ತುಟಿ ನೋಡಿ ಅರ್ಧ ಗಳಿಗೆ ತಡವಾಗಿ ದನಿ ಸೇರಿಸುತ್ತಾರೆ. ಚಿತ್ರ ನೋಡಿಕೊಂಡು ಇಡೀ ಪಾಠ ಒಪ್ಪಿಸುತ್ತಾರೆ. ನನ್ನ ತರಗತಿಯ ಹುಡುಗನೊಬ್ಬ ಬೆರಳಿಟ್ಟು, ಪುಟ ಮಗುಚುತ್ತ ಸರಾಗವಾಗಿ ಓದಿದ. ಶಹಬ್ಬಾಸ್ ಅನ್ನುವಷ್ಟರಲ್ಲಿ ನೋಡುತ್ತೇನೆ, ನಡುವಿನ ಎರಡು ಹಾಳೆ ಅನ್ನದಗುಳು ಬಿದ್ದು ಅಂಟಿಕೊಂಡಿವೆ. ಅಂಟಿದ್ದ ಪುಟಗಳನ್ನೂ ಪುಣ್ಯಾತ್ಮ ಓದಿ ಮುಗಿಸಿದ್ದ!

ಹಾಗಾದರೆ ಆ ‘ಎ’ ಎಲ್ಲಿಂದ ಬಂತು? ವರ್ಷಕ್ಕೆ ನಾಲ್ಕು ರೂಪಣಾತ್ಮಕ (ಪಾಠದ ನಡುನಡುವೆ ಮಾಡುವುದು), ಎರಡು ಸಂಕಲನಾತ್ಮಕ (ಅವಧಿಯ ಕೊನೆಗೆ ಮಾಡುವುದು) ಮೌಲ್ಯಮಾಪನ. ನೂರಕ್ಕೆ 70ರಿಂದ 89 ಬಂದರೆ ‘ಎ’. ಅದರಲ್ಲಿ ಚಟುವಟಿಕೆ ಇದೆ, ಮನೆಯಲ್ಲಿ ಅಕ್ಕ ಮಾಡಿಕೊಟ್ಟ ಪ್ರಾಜೆಕ್ಟ್ ಇದೆ, ಬೋರ್ಡಿನಿಂದ ನಕಲು ಮಾಡಿದ ಉತ್ತರವೂ ಇದೆ. ‘ಈ ಮಗುವಿಗೆ ಓದಲು ಬರುವುದಿಲ್ಲ’ ಎಂದು ಬರೆಯಲು ಮಾತ್ರ ಕಾಲಂ ಇಲ್ಲ. ಬರೆದರೆ ಮೇಲಿನವರು ‘ಯಾಕೆ ಬರಲ್ಲ, ನೀವೇನು ಮಾಡ್ತಿದ್ರಿ’ ಅಂತ ಕೇಳುತ್ತಾರೆ. ಹಾಗಾಗಿ ಯಾರೂ ಬರೆಯುವುದಿಲ್ಲ. ನಾನೂ ಬರೆಯಲಿಲ್ಲ. ಸುತ್ತಲಿನ ಶಾಲೆಗಳ ಶಿಕ್ಷಕರೆಲ್ಲ ಸೇರುವ ಕ್ಲಸ್ಟರ್ ಸಭೆಗೆ ಹೋಗುವ ಹಿಂದಿನ ರಾತ್ರಿ ಕೂತು ಕಾಲಂ ತುಂಬಿದ್ದೇನೆ. ನಮ್ಮ ಶಾಲೆಗಳ ಮೊದಲ ರೋಗ ಇದೇ: ಮಗು ಎಲ್ಲಿ ನಿಂತಿದೆ ಅಂತ ಕಾಗದ ಹೇಳುವುದಿಲ್ಲ, ಎಲ್ಲಿರಬೇಕಿತ್ತೋ ಅದನ್ನು ಹೇಳುತ್ತದೆ.

ಇವತ್ತು ಸಂಜೆ ಒಂದು ಕೆಲಸ ಮಾಡಿ. ಅವನು ನೋಡಿರದ ಎರಡನೇ ತರಗತಿಯ ಪುಸ್ತಕ ತನ್ನಿ. ಚಿತ್ರಕ್ಕೆ ಕೈ ಮುಚ್ಚಿ. ಪುಟದ ಕೊನೆಯ ಸಾಲಿನಿಂದ ಮೇಲಕ್ಕೆ ಓದಿಸಿ, ಬಾಯಿಪಾಠ ನಡೆಯದಂತೆ. ಬಯ್ಯಬೇಡಿ, ತಡವರಿಸುವುದೆಲ್ಲಿ ಅಂತ ಗಮನಿಸಿ ಸಾಕು. ಬಿಡಿ ಅಕ್ಷರದಲ್ಲೇ ನಿಂತನೆ? ‘ಕಿ’ ಮತ್ತು ‘ಕೀ’ ಒಂದೇ ಆಗಿ ಕೇಳಿಸುತ್ತಿವೆಯೆ? ಒತ್ತಕ್ಷರದಲ್ಲಿ ಎಡವಿದನೆ? ‘ವರ್ಷ’, ‘ಸೂರ್ಯ’, ‘ಅರ್ಧ’ ಬರೆದುಕೊಡಿ. ಆ ‘ರ್’ ಬರವಣಿಗೆಯಲ್ಲಿ ಹಿಂದೆ ಕೂರುತ್ತದೆ, ಓದುವಾಗ ಮುಂದೆ ಬರಬೇಕು. ಐದನೇ ತರಗತಿಯಲ್ಲೂ ‘ವಷರ’ ಅಂತ ಓದುವ ಮಕ್ಕಳು ನನಗೆ ಎಷ್ಟೋ ಸಿಕ್ಕಿದ್ದಾರೆ.

ಬಿಡಿ ಅಕ್ಷರದಲ್ಲೇ ನಿಂತಿದ್ದರೆ ಅ, ಆ, ಇ, ಈ ಅಂತ ಮತ್ತೆ ಸಾಲಾಗಿ ತಿದ್ದಿಸಬೇಡಿ. ನಲಿಕಲಿಯಲ್ಲಿ, ಅಂದರೆ ಸರ್ಕಾರಿ ಶಾಲೆಯ ಚಿಕ್ಕ ತರಗತಿಗಳಿಗೆ ಚಟುವಟಿಕೆಯಿಂದ ಕಲಿಸುವ ಪದ್ಧತಿಯಲ್ಲಿ, ನಾವು ರ, ಗ, ಸ, ದ, ಅ ದಿಂದ ಶುರು ಮಾಡುತ್ತಿದ್ದೆವು. ಬರೀ ಐದಕ್ಷರ, ಆದರೆ ಅರಸ, ಅಗಸ, ಗರಗಸ, ದಸರ ಎಲ್ಲ ಹುಟ್ಟಿಬಿಡುತ್ತವೆ. ಮೊದಲ ವಾರವೇ ತಾನು ಓದಿದೆ ಅನ್ನುವ ಹುಮ್ಮಸ್ಸು ಮಗುವಿಗೆ ಬರುತ್ತದೆ. ಆಮೇಲೆ ಜ, ವ, ಮ, ಬ, ನ. ದಿನಕ್ಕೆ ಇಪ್ಪತ್ತು ನಿಮಿಷ ಸಾಕು, ಹಾಲು ಕರೆಯುವಾಗ ಪಕ್ಕದಲ್ಲಿ ಕೂರಿಸಿಕೊಂಡರೂ ನಡೆಯುತ್ತದೆ.

ಶಾಲೆಗೂ ಹೋಗಿ, ಜಗಳಕ್ಕಲ್ಲ. ಮುಂದಿನ ಎಸ್‌ಡಿಎಂಸಿ (ಪೋಷಕರಿರುವ ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಒಂದೇ ಪ್ರಶ್ನೆ ಕೇಳಿ: ನಾಲ್ಕು ಮತ್ತು ಐದನೇ ತರಗತಿಯಲ್ಲಿ ಹೊಸ ಪುಟ ಓದಬಲ್ಲವರು ಎಷ್ಟು ಮಂದಿ? ನಮ್ಮ ಸಭೆಗಳಲ್ಲಿ ಕಾಂಪೌಂಡು, ಗೇಟು, ಬಣ್ಣ, ಧ್ವಜದ ಕಟ್ಟೆ ಎಲ್ಲ ಚರ್ಚೆಯಾಗುತ್ತವೆ. ಇದನ್ನು ಕೇಳಿದ ತಾಯಿ 33 ವರ್ಷದಲ್ಲಿ ಒಬ್ಬಳೂ ಬರಲಿಲ್ಲ.

ಪ್ರಶ್ನೆ: ಫೀಸು ಬಾಕಿ ಇದೆಯೆಂದು ಖಾಸಗಿ ಶಾಲೆಯವರು ನಾಲ್ಕನೇ ತರಗತಿಯ ಮಗಳ ಟಿಸಿ ಕೊಡುತ್ತಿಲ್ಲ. ಟಿಸಿ ಇಲ್ಲದೆ ಸರ್ಕಾರಿ ಶಾಲೆಯವರು ಸೇರಿಸಿಕೊಳ್ಳುತ್ತಿಲ್ಲ.
– ಒಬ್ಬ ತಂದೆ, ದಾವಣಗೆರೆ

ಉತ್ತರ: ಇಬ್ಬರದೂ ತಪ್ಪು. 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಂ ನೋಡಿ. ಟಿಸಿ ಕೂಡಲೇ ಕೊಡಬೇಕು, ತಡವಾಯಿತೆಂದು ಪ್ರವೇಶ ನಿರಾಕರಿಸುವಂತಿಲ್ಲ. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಅರ್ಜಿ ಕೊಟ್ಟು ಸ್ವೀಕೃತಿಯ ಸೀಲು ಹಾಕಿಸಿಕೊಳ್ಳಿ. ಬಾಯಿಮಾತಿಗೆ ಅಲ್ಲಿ ಬೆಲೆಯಿಲ್ಲ. ಬಾಕಿ ಫೀಸಿನ ವಿಚಾರ ಬೇರೆ, ಅದನ್ನು ನೀವೂ ಮರೆಯಬೇಡಿ.

ಪ್ರಶ್ನೆ: ನಾನು ಎರಡು ವರ್ಷದ ಹಿಂದೆ ನೇಮಕವಾದ ಶಿಕ್ಷಕಿ. ಐದು ತರಗತಿ, 38 ಮಕ್ಕಳು, ಇಬ್ಬರೇ ಶಿಕ್ಷಕರು. ಇನ್ನೊಬ್ಬರಿಗೆ ಬಿಎಲ್‌ಒ (ಮತದಾರರ ಪಟ್ಟಿ ನೋಡಿಕೊಳ್ಳುವ ಮತಗಟ್ಟೆ ಅಧಿಕಾರಿ) ಕೆಲಸ. ಹಾಲು, ಮೊಟ್ಟೆಯ ಲೆಕ್ಕ, ಎಸ್‌ಎಟಿಎಸ್‌ನಲ್ಲಿ ಮಕ್ಕಳ ಮಾಹಿತಿ ಆನ್‌ಲೈನ್ ತುಂಬುವುದು, ತರಬೇತಿ... ಪಾಠ ಯಾವಾಗ ಮಾಡಲಿ?
– ಓದುಗರು, ಹಾನಗಲ್ ತಾಲ್ಲೂಕು

ಉತ್ತರ: ನಿಮ್ಮ ಪತ್ರ ಓದಿ ನನ್ನ ಹಳೆಯ ಶಾಲೆಯ ಗಂಟೆ ಕೇಳಿಸಿತು. 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು ಸಾಕು ಎನ್ನುತ್ತದೆ ಶಿಕ್ಷಣ ಹಕ್ಕು ಕಾಯ್ದೆ. ಆ ಲೆಕ್ಕ ತಲೆ ಎಣಿಸುತ್ತದೆ, ತರಗತಿ ಎಣಿಸುವುದಿಲ್ಲ. 38 ತಲೆಗೆ ಇಬ್ಬರು ಧಾರಾಳ, ಐದು ತರಗತಿಗೆ ಇಬ್ಬರು ಅನ್ಯಾಯ. ಇನ್ನು 27ನೇ ಕಲಮು. ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಇವನ್ನು ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದು ಎನ್ನುತ್ತದೆ. ಆ ‘ಬಿಟ್ಟು’ ಎಂಬ ಸಂದಿಯಲ್ಲಿ ಚಕ್ಕಡಿ ಹಾಯಬಹುದು.

ಸರ್ಕಾರ ತರಗತಿ ಲೆಕ್ಕದಲ್ಲಿ ಶಿಕ್ಷಕರನ್ನು ಕೊಡುವವರೆಗೆ ಮಕ್ಕಳು ಕಾಯುವುದಿಲ್ಲ. ನನಗೆ ಉಪಯೋಗಕ್ಕೆ ಬಂದದ್ದು ಇದು. ಬೆಳಗಿನ ಮೊದಲ ಒಂದು ತಾಸು ನಾಲ್ಕು–ಐದನೆಯವರನ್ನು ತರಗತಿಯಂತೆ ಕೂರಿಸಲೇ ಇಲ್ಲ. ಅಕ್ಷರದವರು ಒಂದು ಚಾಪೆ, ಪದದವರು ಒಂದು, ಪುಟ ಓದುವವರು ಇನ್ನೊಂದು. ನಾಲ್ಕು–ಐದನೆಯವರಿಗೆ ಓದು ಕಲಿಸುವ ‘ಓದು ಕರ್ನಾಟಕ’ ಕಾರ್ಯಕ್ರಮದ ತರಬೇತಿಯಲ್ಲೂ ಹೀಗೆಯೇ ಹೇಳಿಕೊಡುತ್ತಾರೆ. ಪುಟ ಓದುವವರು ತಾವಾಗಿ ಓದಿಕೊಳ್ಳುತ್ತಾರೆ, ನೀವು ಅಕ್ಷರದ ಚಾಪೆಯಲ್ಲೇ ಕೂರಿ. ಆ ಒಂದು ತಾಸು ಫೋನು ಕಪಾಟಿನಲ್ಲಿರಲಿ. ಆ ಅವಧಿಯಲ್ಲಿ ಮಾಹಿತಿ ಕಳಿಸದ್ದಕ್ಕೆ ನನಗೆ ಎರಡು ಸಲ ಬೈಗುಳ ಬಿತ್ತು, ಸಂಬಳ ನಿಲ್ಲಲಿಲ್ಲ. ಮೊಟ್ಟೆಯ ಎಣಿಕೆಗೆ ಎಸ್‌ಡಿಎಂಸಿಯ ಒಬ್ಬ ತಾಯಿಯನ್ನು ಕೇಳಿ. ವಹಿಗೆ ಸಹಿ ನಿಮ್ಮದೇ ಇರಲಿ, ಎಣಿಸುವ ಕೈ ಅವರದಾಗಲಿ.

ಪ್ರಶ್ನೆ: ಸರ್ಕಾರಿ ಶಾಲೆ ಉಳಿಯಲಿ ಅನ್ನುವ ಮಾಸ್ತರುಗಳ ಮಕ್ಕಳು ಓದುವುದೆಲ್ಲಿ? ನಿಮ್ಮ ಮಕ್ಕಳು?
– ಓದುಗರು, ಧಾರವಾಡ

ಉತ್ತರ: ಮಗಳು ಖಾಸಗಿ ಶಾಲೆಯಲ್ಲಿ ಓದಿದಳು. ನನ್ನ ಶಾಲೆಯಲ್ಲಿ ಆಗ ಐದು ತರಗತಿಗೂ ನಾನೊಬ್ಬಳೇ ಇದ್ದೆ. ತಿಂಗಳಿಗೆ ಎಷ್ಟು ದಿನ ಪಾಠ ನಡೆಯುತ್ತದೆ ಅಂತ ನನಗಿಂತ ಚೆನ್ನಾಗಿ ಗೊತ್ತಿದ್ದವರು ಯಾರು? ಊರವರು ಮುಖಕ್ಕೇ ಕೇಳಿದರು, ಉತ್ತರ ಇರಲಿಲ್ಲ. ಈಗಲೂ ಇಲ್ಲ.

ಪ್ರಶ್ನೆ: ಮೂರನೇ ತರಗತಿಯ ಮೊಮ್ಮಗಳ ಬ್ಯಾಗು ಎತ್ತಿದರೆ ನನಗೇ ಸೊಂಟ ನೋಯುತ್ತದೆ.
– ಒಬ್ಬ ಅಜ್ಜ, ಗದಗ

ಉತ್ತರ: ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿ, ಅಜ್ಜಾರ. 2019ರ ಸರ್ಕಾರಿ ಆದೇಶದಂತೆ ಮೂರರಿಂದ ಐದನೇ ತರಗತಿಗೆ 2ರಿಂದ 3 ಕೆಜಿ. ಆಮೇಲೆ ಬಾಟಲಿ ತೆಗೆದು ಇನ್ನೊಮ್ಮೆ ತೂಗಿ. ಒಂದು ಲೀಟರಿನದಾದರೆ ಅದೇ ಒಂದು ಕೆಜಿ. ಟೀಚರಿಗೆ ಫೋನು ಮಾಡುವುದಿದ್ದರೆ ಪುಸ್ತಕದ ಮಾತಿಗೆ ಮೊದಲು, ಶಾಲೆಯ ನಲ್ಲಿಯಲ್ಲಿ ಕುಡಿಯುವ ನೀರು ಬರುತ್ತದೆಯೇ ಅಂತ ಕೇಳಿ.