ಸಂಪಾದಕರ ಉತ್ತರ: ಸಮಾಧಿಯ ಬಟ್ಟೆ, ದಡದ ಕೆಂಡ

ಓದುಗರೊಬ್ಬರ ಪತ್ರದ ಸಾರ: "ಯೇಸುವಿನ ಖಾಲಿ ಸಮಾಧಿಯಲ್ಲಿ ತಲೆಗೆ ಸುತ್ತಿದ್ದ ಬಟ್ಟೆ ಬೇರೆಯಾಗಿ ಇತ್ತಂತೆ. ಯೆಹೂದಿ ಯಜಮಾನ ಊಟದ ನಡುವೆ ಕೈ ಒರೆಸುವ ಬಟ್ಟೆ ಮಡಿಚಿಟ್ಟು ಎದ್ದರೆ ‘ಮತ್ತೆ ಬರ್ತೀನಿ’ ಅಂತ ಅರ್ಥ ಎಂದು ಮೊಬೈಲಿನಲ್ಲಿ ಓದಿದೆ. ನಿಜವೇ? 153 ಮೀನಿನ ಗುಟ್ಟೇನು? ಇಂಥ ಸಣ್ಣ ವಿವರಗಳಲ್ಲಿ ಅರ್ಥ ಇದೆಯೋ, ನಾವೇ ತುರುಕುತ್ತೇವೋ?"

ನಮಸ್ಕಾರ. ಆ ಊಟದ ಬಟ್ಟೆಯ ಕಥೆ ಈಸ್ಟರ್ ಬಂತೆಂದರೆ ನನ್ನ ಫೋನಿಗೂ ಬರುತ್ತದೆ. ಕೇಳೋಕೆ ಚೆನ್ನಾಗಿದೆ. ಆದರೆ ಅಂಥ ಪದ್ಧತಿಗೆ ಹಳೆಯ ಯೆಹೂದಿ ಬರಹಗಳಲ್ಲಿ ಆಧಾರ ಇಲ್ಲ. ಯೇಸುವಿನ ಜೀವನ ಹೇಳುವ ಸುವಾರ್ತೆಗಳಲ್ಲಿ ಒಂದನ್ನು ಬರೆದ ಯೋಹಾನ ಆ ಬಟ್ಟೆಗೆ ಬಳಸಿದ ಗ್ರೀಕ್ ಪದ ‘ಸೂದಾರಿಯೊನ್’. ಅಂದರೆ ಬೆವರು ಒರೆಸುವ ಬಟ್ಟೆ. 1611ರ ಇಂಗ್ಲಿಷ್ ಬೈಬಲ್ ಅದನ್ನು ‘ನ್ಯಾಪ್ಕಿನ್’ ಅಂದಿತು. ಅಲ್ಲಿಂದ ಊಟದ ಮೇಜು ಎಷ್ಟು ದೂರ ಹೇಳಿ!

ಹಾಗಂತ ಆ ಬಟ್ಟೆ ಸುಮ್ನೆ ಬಂದದ್ದಲ್ಲ. ಯೋಹಾನನ ಸುವಾರ್ತೆಯಲ್ಲಿ ಅದೇ ಪದ ಇನ್ನೊಂದು ಕಡೆ ಮಾತ್ರ ಬರುತ್ತದೆ, 11ನೇ ಅಧ್ಯಾಯದಲ್ಲಿ. ಸತ್ತು ನಾಲ್ಕು ದಿನವಾಗಿದ್ದ ಲಾಜರ ಎಂಬವನು ಯೇಸು ಕರೆದಾಗ ಸಮಾಧಿಯ ಗವಿಯಿಂದ ಹೊರಗೆ ಬರುತ್ತಾನೆ. ಕೈಕಾಲು ಕಟ್ಟಿದೆ, ಮುಖಕ್ಕೆ ಸೂದಾರಿಯೊನ್ ಸುತ್ತಿದೆ. ಅವನನ್ನು ಬಿಚ್ಚಿ ಕಳಿಸಿ ಎಂದು ಯೇಸು ಪಕ್ಕದವರಿಗೆ ಹೇಳಬೇಕಾಗುತ್ತದೆ. 20ನೇ ಅಧ್ಯಾಯಕ್ಕೆ, ಯೇಸುವಿನ ಖಾಲಿ ಸಮಾಧಿಗೆ ಬಂದರೆ ಬಿಚ್ಚುವವರು ಯಾರೂ ಇಲ್ಲ. ಬಟ್ಟೆ ಮಾತ್ರ ಸುತ್ತಿ ಪಕ್ಕಕ್ಕಿಟ್ಟಿದೆ. ನನಗನ್ನಿಸುವುದು ಇಷ್ಟು: ಲಾಜರ ಮುಂದೊಂದು ದಿನ ಮತ್ತೆ ಸಾಯಬೇಕಾದವನು, ಅವನಿಗೆ ಆ ಬಟ್ಟೆ ಇನ್ನೊಮ್ಮೆ ಬೇಕು. ಇಲ್ಲಿ ಅದನ್ನು ಬಿಟ್ಟುಹೋದ ಯೇಸುವಿಗೆ ಬೇಡ. ಇದಕ್ಕೆ ಯಾವ ಊಟದ ಪದ್ಧತಿಯನ್ನೂ ಹೊರಗಿನಿಂದ ತರಬೇಕಾಗಿಲ್ಲ, ಒಂಬತ್ತು ಅಧ್ಯಾಯ ಹಿಂದಕ್ಕೆ ತಿರುವಿದರೆ ಸಾಕು.

ಇನ್ನು 153ರ ವಿಷಯ. ಅದೇ ಸುವಾರ್ತೆಯ 21ನೇ ಅಧ್ಯಾಯದಲ್ಲಿ, ಮತ್ತೆ ಎದ್ದುಬಂದ ಯೇಸು ದಡದಲ್ಲಿ ನಿಂತು ಹೇಳಿದಂತೆ ಶಿಷ್ಯರು ಬಲೆ ಬೀಸಿದಾಗ ಸಿಕ್ಕ ಮೀನಿನ ಲೆಕ್ಕ ಅದು. ಒಂದರಿಂದ ಹದಿನೇಳರ ತನಕ ಕೂಡಿದರೆ 153. ಹತ್ತು ಆಜ್ಞೆ, ಪವಿತ್ರಾತ್ಮನ ಏಳು ವರ, ಒಟ್ಟು ಹದಿನೇಳು ಎಂದರು ಹಳೆಯ ಕಾಲದ ಕ್ರೈಸ್ತ ಪಂಡಿತ ಸಂತ ಅಗಸ್ಟೀನ್. ಮೀನಿನ ಜಾತಿಗಳೇ 153 ಎಂದರು ಅದೇ ಕಾಲದ ಇನ್ನೊಬ್ಬ ಪಂಡಿತ ಸಂತ ಜೆರೋಮ್. ಅಗಸ್ಟೀನರ ಲೆಕ್ಕವೇನೋ ಸರಿಯಾಗಿದೆ, ಬೇಕಿದ್ದರೆ ಕೂಡಿ ನೋಡಿ. ಆದರೆ ಯೋಹಾನ ಹದಿನೇಳರ ಸುದ್ದಿಯನ್ನೇ ಎತ್ತುವುದಿಲ್ಲ. ಬಲೆ ಎಳೆದವರು ಮೀನು ಎಣಿಸಿಯೇ ಎಣಿಸುತ್ತಾರೆ, ಹಂಚಿಕೊಳ್ಳಬೇಕಲ್ವಾ? ನನಗೆ ಅಷ್ಟು ಸಾಕು.

ನಿಜ ಹೇಳಬೇಕೆಂದರೆ, ಆ ಮೀನಿನ ಲೆಕ್ಕದಲ್ಲಿ ಮುಳುಗಿ ಎರಡು ವಚನ ಮೇಲಿರುವ ಕೆಂಡವನ್ನು ನಾವು ದಾಟಿಹೋಗುತ್ತೇವೆ. ಶಿಷ್ಯರು ದಡಕ್ಕೆ ಬಂದಾಗ ಅಲ್ಲಿ ಇದ್ದಲ ಕೆಂಡ, ಅದರ ಮೇಲೆ ಮೀನು, ಪಕ್ಕದಲ್ಲಿ ರೊಟ್ಟಿ. ಗ್ರೀಕಿನಲ್ಲಿ ಆ ಕೆಂಡದ ಪದ ‘ಅಂಥ್ರಕಿಯಾ’. ಸುವಾರ್ತೆಗಳೂ ಸೇರಿರುವ ಬೈಬಲ್ಲಿನ ಎರಡನೇ ಭಾಗ, ಹೊಸ ಒಡಂಬಡಿಕೆ; ಅದರಲ್ಲೆಲ್ಲಾ ಈ ಪದ ಎರಡೇ ಸಲ ಬರುತ್ತದೆ. ಇನ್ನೊಂದು ಯೋಹಾನನದೇ 18ನೇ ಅಧ್ಯಾಯದ್ದು: ಯೇಸುವನ್ನು ಹಿಡಿದೊಯ್ದ ರಾತ್ರಿ, ಮಹಾಯಾಜಕನ ಅಂಗಳ, ಚಳಿ. ಆಳುಗಳು ಹಾಕಿದ ಇದ್ದಲ ಬೆಂಕಿಗೆ ಯೇಸುವಿನ ಶಿಷ್ಯ ಪೇತ್ರನೂ ಮೈ ಕಾಯಿಸುತ್ತಾ ನಿಂತಿದ್ದಾನೆ. ನೀನು ಯೇಸುವಿನ ಶಿಷ್ಯನಲ್ಲವೇ ಎಂದು ಕೇಳಿದರೆ ಅಲ್ಲ ಎನ್ನುತ್ತಾನೆ. ಆ ರಾತ್ರಿ ಒಟ್ಟು ಮೂರು ಸಲ. ಅದೇ ಬೆಂಕಿಯನ್ನು ಇನ್ನೊಂದು ಸುವಾರ್ತೆ ಬರೆದ ಲೂಕ ಬರೀ ‘ಬೆಂಕಿ’ ಎಂದು ಬಿಟ್ಟ. ಯೋಹಾನ ಇದ್ದಲು ಅಂತಲೇ ಬರೆದ. ಭಾಷಾಂತರದಲ್ಲಿ ಎರಡು ಕಡೆಗೂ ಬೇರೆ ಬೇರೆ ಮಾತು ಹಾಕಿದರೆ ಈ ನಂಟು ಕಣ್ಣಿಗೇ ಬೀಳುವುದಿಲ್ಲ.

ಈಗ ಮತ್ತೆ ದಡಕ್ಕೆ ಬನ್ನಿ. ಪೇತ್ರ ದೋಣಿ ಬಿಟ್ಟು ನೀರಿಗೆ ಧುಮುಕಿದ್ದಾನೆ. ದಡ ಇನ್ನೂರು ಮೊಳ ದೂರ. ಒದ್ದೆ ಬಟ್ಟೆಯಲ್ಲಿ ಮೇಲೆ ಹತ್ತಿದವನ ಮೂಗಿಗೆ ಇದ್ದಲ ಹೊಗೆ ಬಡಿದಿರಬೇಕು. ಯೇಸು ಆಗಲೇ ಏನೂ ಕೇಳುವುದಿಲ್ಲ. ಮೊದಲು ಊಟ. ಎಲ್ಲರೂ ತಿಂದಾದ ಮೇಲೆ, "ನನ್ನನ್ನು ಪ್ರೀತಿಸುತ್ತೀಯಾ?" ಅಂತ ಮೂರು ಸಲ. ಮೂರನೇ ಸಲ ಕೇಳಿದಾಗ ಪೇತ್ರನಿಗೆ ದುಃಖವಾಯಿತು ಎಂದು ಬರೆದಿದೆ. ಅಷ್ಟು ಹೊತ್ತಿಗೂ ಆ ಕೆಂಡ ಪೂರ್ತಿ ಆರಿರಲಿಕ್ಕಿಲ್ಲ.