ಸ್ವರ ಸಂದೇಹ: ಕ್ವಾಯರ್ ಸಂಯೋಜಕ ಎರಿಕ್ ವಿಟಕರ್ ಬಗ್ಗೆ ನೀವು ಕೇಳಿದ್ದು

ಅಮೆರಿಕದ ಸಂಯೋಜಕ, ಕಂಡಕ್ಟರ್ (ಕ್ವಾಯರ್ ಅಂದರೆ ಗಾಯಕರ ತಂಡವನ್ನು ಕೈಸನ್ನೆಯಿಂದ ನಡೆಸುವವರು) ಎರಿಕ್ ವಿಟಕರ್ ಬಗ್ಗೆ ಬಂದ ಪ್ರಶ್ನೆಗಳಲ್ಲಿ ನಾಲ್ಕನ್ನು ಈ ಸಲ ಆರಿಸಿದ್ದೇವೆ.

ಪ್ರಶ್ನೆ: ವಿಟಕರ್‌ಗೆ ಹದಿನೆಂಟು ತುಂಬುವವರೆಗೆ ಸ್ವರಲಿಪಿ ಓದಲು ಬರುತ್ತಿರಲಿಲ್ಲವಂತೆ, ಹೌದೇ? ನನ್ನ ಮಗನಿಗೆ ಹತ್ತೊಂಬತ್ತು. ಅವನೂ ಇದೇ ದಾರಿ ಹಿಡಿಯುತ್ತೇನೆ ಅನ್ನುತ್ತಾನೆ. ಹೊಟ್ಟೆಪಾಡು ನಡೆಯುತ್ತದೆಯೇ? (ಒಬ್ಬ ತಾಯಿ, ಮೈಸೂರು)

ಹೌದು. 1970ರಲ್ಲಿ ನೆವಾಡದಲ್ಲಿ ಹುಟ್ಟಿದವರು ಅವರು. ಪಾಪ್ ತಾರೆಯಾಗಬೇಕೆಂಬ ಆಸೆಯಲ್ಲಿ ಸಿಂಥಸೈಜರ್ ನುಡಿಸಿಕೊಂಡಿದ್ದರು. 1988ರಲ್ಲಿ ಲಾಸ್ ವೇಗಸ್‌ನ ನೆವಾಡ ವಿಶ್ವವಿದ್ಯಾಲಯ ಸೇರಿ, ಕ್ವಾಯರ್‌ನ ಬೇಸ್ (ಅತಿ ತಗ್ಗಿನ ಗಂಡು ಧ್ವನಿ) ಸಾಲಿನಲ್ಲಿ ಮೊದಲು ಹಾಡಿದ್ದು ಮೊಜಾರ್ಟ್‌ನ ರೆಕ್ವಿಯಮ್, ಅಂದರೆ ಸತ್ತವರಿಗಾಗಿ ಹಾಡುವ ಪ್ರಾರ್ಥನಾ ಸಂಗೀತ. ಇಪ್ಪತ್ತೊಂದಕ್ಕೆ ಮೊದಲ ಕ್ವಾಯರ್ ಕೃತಿ ಬರೆದರು. ಈ ಲೆಕ್ಕವನ್ನಷ್ಟೇ ನೋಡಿ ಮೋಸಹೋಗಬೇಡಿ. ಪದವಿ ಮುಗಿಸಲು ಅವರಿಗೆ ಏಳು ವರ್ಷ ಹಿಡಿಯಿತು. ಆಮೇಲೆ ನ್ಯೂಯಾರ್ಕಿನ ಸಂಗೀತ ಶಾಲೆ ಜೂಲಿಯಾರ್ಡ್‌ನಲ್ಲಿ ಸಂಯೋಜಕ ಜಾನ್ ಕೊರಿಲ್ಯಾನೊ ಅವರ ಬಳಿ ಕಲಿತು, 1997ರಲ್ಲಿ ಸ್ನಾತಕೋತ್ತರ ಪದವಿ ಪಡೆದರು. ತಡವಾಗಿ ಶುರು ಮಾಡಿದರೂ ಒಂಬತ್ತು ವರ್ಷ ಪಟ್ಟಾಗಿ ಕೂತು ಕಲಿತಿದ್ದಾರೆ.

ದುಡ್ಡಿನ ಮಾತು. ಅಚ್ಚಾದ ಸ್ವರಲಿಪಿಯ ಬೆಲೆಯಲ್ಲಿ ಸಂಯೋಜಕನಿಗೆ ಸಾಮಾನ್ಯವಾಗಿ ಸಿಗುವುದು ಶೇ 10ರ ಆಸುಪಾಸು. ಅರವತ್ತು ಜನರ ಒಂದು ಕ್ವಾಯರ್ ತಲಾ ಎರಡೂವರೆ ಡಾಲರಿನ ಪ್ರತಿ ಕೊಂಡರೆ ಅವನ ಕೈಗೆ 15 ಡಾಲರ್ ಬಂತು. ಅಮೆರಿಕದಲ್ಲಿ ಶಾಲೆ, ಚರ್ಚ್, ಊರೂರಿಗೂ ಕ್ವಾಯರ್ ಇರುವುದರಿಂದ ಈ ಹನಿಗಳು ಹಳ್ಳವಾಗುತ್ತವೆ. ಇಲ್ಲಿ ಆ ಮಾರುಕಟ್ಟೆ ಇಲ್ಲ. ನಿಮ್ಮ ಮಗ ಸಂಯೋಜನೆಯ ಜೊತೆಗೆ ಕಂಡಕ್ಟಿಂಗ್, ಪಿಯಾನೊ ಎರಡನ್ನೂ ಕಲಿಯಲಿ. ಮೊದಲ ಸಂಬಳ ಬರುವುದು ಪಾಠ ಹೇಳುವುದರಿಂದಲೇ.

ಪ್ರಶ್ನೆ: ನಮ್ಮ ಚರ್ಚ್ ಕ್ವಾಯರ್‌ನಲ್ಲಿ 24 ಜನ. ವಿಟಕರ್ ಅವರ 'ಲಕ್ಸ್ ಔರಮ್‌ಕ್ವೆ' ಅಭ್ಯಾಸ ಮಾಡುತ್ತಿದ್ದೇವೆ. ಮುಗಿಯುವಷ್ಟರಲ್ಲಿ ಶ್ರುತಿ ಅರ್ಧ ಸ್ವರ ಇಳಿದಿರುತ್ತದೆ. ಏನು ಮಾಡುವುದು? (ಮಂಗಳೂರು)

ಪಕ್ಕವಾದ್ಯವಿಲ್ಲದ ನಿಧಾನದ ಹಾಡು, ತಂಬೂರಿಯ ಆಧಾರವೂ ಇಲ್ಲ. ಇಳಿಯುವುದು ಸಹಜ. ಅದರ ಮೇಲೆ ಇವರ ಸ್ವರಕೂಟಗಳಲ್ಲಿ ಪಕ್ಕಪಕ್ಕದ ಸ್ವರಗಳು ಒತ್ತಿಕೊಂಡೇ ಕೂತಿರುತ್ತವೆ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಸ, ರಿ, ಗ, ಪ ನಾಲ್ಕೂ ಒಟ್ಟಿಗೆ ನಿಂತ ಹಾಗೆ. ರಿ ಹಾಡುವವರು ಅಳುಕಿ ಸ ಕಡೆಗೆ ಜಾರಿದರೆ ಇಡೀ ಗೋಪುರ ವಾಲುತ್ತದೆ.

ಕೆಳಗಿನಿಂದ ಕಟ್ಟಿ. ಮೊದಲು ಬೇಸ್‌ನವರು ಸ ಮತ್ತು ಪ ಹಿಡಿಯಲಿ. ಅಲುಗಾಟ ನಿಂತ ಮೇಲೆ ಗ ಸೇರಲಿ. ರಿ ಕೊನೆಗೆ. ಮಾತು ಬೇಡ, ಬಾಯಿ ಮುಚ್ಚಿ ಮ್ಮ್ ಎಂದು ಹತ್ತು ಸೆಕೆಂಡ್ ಹಿಡಿದರೆ ಸಾಕು. ಕರ್ನಾಟಕ ಸಂಗೀತ ಕಲಿತವರು ಗುಂಪಿನಲ್ಲಿದ್ದರೆ ರಿ ಮೇಲೆ ಗಮಕ ತಾನಾಗಿ ಬಂದುಬಿಡುತ್ತದೆ, ಅದನ್ನು ತಡೆಯಿರಿ. ಇಲ್ಲಿ ಸ್ವರ ಗೆರೆ ಎಳೆದಂತೆ ನೇರವಾಗಿರಬೇಕು. ಅವರ ಕಿವಿಯಿಂದ ಒಂದು ಲಾಭವೂ ಇದೆ: ಅಪ್ಪಟ ಅಂತರ ಗಾಂಧಾರ ಕೀಬೋರ್ಡಿನ ಗಾಂಧಾರಕ್ಕಿಂತ ಸುಮಾರು 14 ಸೆಂಟ್ ಕೆಳಗಿರುತ್ತದೆ (ಅರ್ಧ ಸ್ವರಕ್ಕೆ 100 ಸೆಂಟ್). ಕ್ವಾಯರ್‌ಗೆ ಬೇಕಾದದ್ದು ಆ ಅಪ್ಪಟ ಗಾಂಧಾರವೇ. ಹಾಗಾಗಿ ಅಭ್ಯಾಸದುದ್ದಕ್ಕೂ ಕೀಬೋರ್ಡ್ ಒತ್ತುತ್ತಾ ಕೂರಬೇಡಿ, ಆರಂಭದ ಸ್ವರ ಕೊಟ್ಟು ಕೈ ತೆಗೆಯಿರಿ.

ಉಸಿರು ಇನ್ನೊಂದು ಕಾರಣ. ಸಾಲಿನ ಕೊನೆಗೆ ಎಲ್ಲರ ಶ್ವಾಸವೂ ಬರಿದಾಗಿ ಸ್ವರ ಕುಸಿಯುತ್ತದೆ. ಅಕ್ಕಪಕ್ಕದವರು ಒಟ್ಟಿಗೆ ಉಸಿರೆಳೆಯದಂತೆ ಜೋಡಿ ಮಾಡಿ, ಪೆನ್ಸಿಲ್ಲಿನಲ್ಲಿ ಗುರುತು ಹಾಕಿಸಿ. ಸ್ವರದ ನಡುವೆ ಉಸಿರೆಳೆಯಲಿ, ಪದದ ನಡುವೆ ಬಿಟ್ಟ ಜಾಗದಲ್ಲಿ ಬೇಡ. ಅಲ್ಲಿ ಎಲ್ಲರೂ ಎಳೆಯುತ್ತಾರೆ. ಇಷ್ಟಾದರೂ ಎಂಟು ಭಾಗವಾಗಿ ಒಡೆಯುವ ಕಡೆ 24 ಜನ ಎಂದರೆ ಭಾಗಕ್ಕೆ ಮೂವರೇ. ಒಬ್ಬರಿಗೆ ನೆಗಡಿಯಾದರೆ ಕಷ್ಟ. 32 ಆದರೆ ನಿರಾಳ.

ಪ್ರಶ್ನೆ: ಬೇಂದ್ರೆಯವರ ಒಂದು ಕವನವನ್ನು ನಾಲ್ಕು ಧ್ವನಿಗೆ ಅಳವಡಿಸಿದ್ದೇನೆ. ಅನುಮತಿ ಬೇಕೇ? ವಿಟಕರ್ ಕೂಡ ಹೀಗೇ ಸಿಕ್ಕಿಬಿದ್ದಿದ್ದರಂತಲ್ಲ? (ಧಾರವಾಡ)

ಸಿಕ್ಕಿಬಿದ್ದದ್ದು ಅಮೆರಿಕದ ಕವಿ ರಾಬರ್ಟ್ ಫ್ರಾಸ್ಟ್‌ರ ಕವನದಲ್ಲಿ, 1923ರಲ್ಲಿ ಅಚ್ಚಾದ, ಹಿಮ ಬೀಳುವ ಸಂಜೆ ಕಾಡಿನಂಚಿನಲ್ಲಿ ನಿಲ್ಲುವ ಪ್ರಸಿದ್ಧ ಕವನ. ಹಾಡು ಕಟ್ಟಿ ಹಾಡಿಸಿಯೂ ಆದ ಮೇಲೆ ಹಕ್ಕುದಾರರು ತಡೆದರು. ವಿಟಕರ್ ಸಂಗೀತವನ್ನು ಹಾಗೇ ಉಳಿಸಿಕೊಂಡು, ಗೆಳೆಯ ಚಾರ್ಲ್ಸ್ ಆಂಥನಿ ಸಿಲ್ವೆಸ್ಟ್ರಿ ಅವರಿಂದ ಅದೇ ಛಂದಸ್ಸಿಗೆ ಹೊಸ ಸಾಹಿತ್ಯ ಬರೆಸಿದರು. ಮೂಲ ಕವನ 'ನಿದ್ರೆ' ಎಂಬ ಅರ್ಥದ ಪದದಲ್ಲಿ ಮುಗಿಯುತ್ತಿತ್ತು, ಹೊಸದೂ ಅಲ್ಲೇ ಮುಗಿಯಬೇಕಿತ್ತು. ಹಾಗೆ ಹುಟ್ಟಿದ್ದು 'ಸ್ಲೀಪ್'. ಫ್ರಾಸ್ಟ್ ಕವನದ ಹಕ್ಕು ಅಮೆರಿಕದಲ್ಲಿ 2018ರ ಕೊನೆಗೆ ಮುಗಿಯಿತು. ಅಷ್ಟರಲ್ಲಿ ಹೊಸ ಸಾಹಿತ್ಯವೇ ಬಾಯಿಗೆ ಬಂದಿತ್ತು.

ನಿಮ್ಮ ವಿಷಯಕ್ಕೆ ಬರೋಣ. ನಮ್ಮಲ್ಲಿ ಕವಿ ತೀರಿದ ಮರುವರ್ಷದಿಂದ 60 ವರ್ಷ ಹಕ್ಕು ಇರುತ್ತದೆ. ಬೇಂದ್ರೆ ತೀರಿದ್ದು 1981ರಲ್ಲಿ, ಆದ್ದರಿಂದ 2041 ಮುಗಿಯುವವರೆಗೆ ಅನುಮತಿ ಬೇಕು. ಕುವೆಂಪು ಅವರದಾದರೆ 2054. ಹವ್ಯಾಸಿ ತಂಡ ಟಿಕೆಟ್ ಇಡದೆ ಹಾಡುವುದಕ್ಕೆ ಕಾಯ್ದೆಯಲ್ಲಿ ವಿನಾಯಿತಿ ಇದೆ. ಸ್ವರಲಿಪಿ ಅಚ್ಚು ಹಾಕಿಸುವುದು, ವಿಡಿಯೊ ಏರಿಸುವುದು ಅದರೊಳಗೆ ಬರುವುದಿಲ್ಲ. ಹಕ್ಕುದಾರರಿಗೆ ಬರೆಯುವ ಪತ್ರದಲ್ಲಿ ಯಾವ ಸಾಲುಗಳು, ಎಷ್ಟು ಪ್ರತಿ, ಅಂತರ್ಜಾಲಕ್ಕೆ ಹಾಕುತ್ತೀರಾ, ಸಾಲು ಬಿಟ್ಟಿದ್ದೀರಾ ಅಥವಾ ಮರುಕಳಿಸಿದ್ದೀರಾ ಎಂದು ಬಿಡಿಸಿ ಬರೆಯಿರಿ. ಕೊನೆಯದನ್ನು ಮುಚ್ಚಿಟ್ಟರೆ ಜಗಳ ಅಲ್ಲಿಂದಲೇ ಏಳುತ್ತದೆ.

ಪ್ರಶ್ನೆ: ನಮ್ಮ ಕನ್ನಡ ಕೂಟದವರು ನಾಲ್ಕು ಊರುಗಳಲ್ಲಿದ್ದೇವೆ. ವಿಟಕರ್‌ರ 'ವರ್ಚುವಲ್ ಕ್ವಾಯರ್' ಹಾಗೆ ವಿಡಿಯೊ ಕರೆಯಲ್ಲಿ ಒಟ್ಟಿಗೆ ಹಾಡಬಹುದೇ? (ಕ್ಯಾಲಿಫೋರ್ನಿಯಾ)

ಕರೆಯಲ್ಲಿ ಆಗದು. ಜೊತೆಗೂಡಿ ಹಾಡಲು ಸದ್ದು 30 ಮಿಲಿಸೆಕೆಂಡ್‌ಗಿಂತ ತಡವಾಗಬಾರದು. ವಿಡಿಯೊ ಕರೆಯಲ್ಲಿ ಅದರ ಹಲವು ಪಟ್ಟು ತಡವಾಗುತ್ತದೆ. ವಿಟಕರ್ ಕೂಡ ನೇರವಾಗಿ ಹಾಡಿಸಿದ್ದಲ್ಲ. ಅವರು ನಿಶ್ಶಬ್ದದಲ್ಲಿ ಕೈಯಾಡಿಸಿ ವಿಡಿಯೊ ಮಾಡಿದರು, ಅದನ್ನು ನೋಡುತ್ತಾ ಪಿಯಾನೊ ನುಡಿಸಿ ಸೇರಿಸಿದರು. ಹಾಡುವವರು ಅದನ್ನು ನೋಡಿ ತಮ್ಮ ತಮ್ಮ ಮನೆಯಲ್ಲಿ ಒಬ್ಬೊಬ್ಬರೇ ಹಾಡಿ ಕಳಿಸಿದರು. 2010ರ ಮೊದಲ ವಿಡಿಯೊದಲ್ಲಿ 12 ದೇಶಗಳ 185 ಜನ, 2020ರಲ್ಲಿ 129 ದೇಶಗಳ 17,572 ಜನ.

ಒಬ್ಬೊಬ್ಬರಿಗೂ ಎರಡು ಫೋನ್ ಬೇಕು: ಒಂದು ಕೇಳಲು, ಒಂದು ರೆಕಾರ್ಡ್ ಮಾಡಲು. ವೈರ್ ಇರುವ ಇಯರ್‌ಫೋನ್ ಹಾಕಿಕೊಳ್ಳಿ, ಬ್ಲೂಟೂತ್‌ನದು ಹಿಂದೆ ಬೀಳುತ್ತದೆ. ಒಂದೇ ಕಿವಿಗೆ ಸಿಕ್ಕಿಸಿ, ಇನ್ನೊಂದರಿಂದ ನಿಮ್ಮ ಧ್ವನಿ ಕೇಳಿಸಿಕೊಳ್ಳಿ. ಶುರುವಿನಲ್ಲಿ ಮೂರನೇ ಎಣಿಕೆಗೆ ಎಲ್ಲರೂ ಒಂದು ಚಪ್ಪಾಳೆ ತಟ್ಟಿ. ಎಡಿಟ್ ಮಾಡುವವರು ಆ ಚೂಪು ಸದ್ದನ್ನು ಒಂದರ ಕೆಳಗೊಂದು ಇಟ್ಟು ಎಲ್ಲರನ್ನೂ ಸರಿಹೊಂದಿಸುತ್ತಾರೆ. ಇಂಗ್ಲಿಷ್ ಹಾಡುಗಳಲ್ಲಿ ಪದದ ಕೊನೆಯ ಸ್ ಹತ್ತು ಕಡೆ ಹತ್ತು ಹೊತ್ತಿಗೆ ಬಂದು ಹಾವು ಬುಸುಗುಟ್ಟಿದಂತಾಗುತ್ತದೆ. ಕನ್ನಡ ಪದಗಳು ಬಹುಪಾಲು ಅ, ಇ, ಉ ಮೊದಲಾದ ಸ್ವರಾಕ್ಷರದಲ್ಲೇ ಮುಗಿಯುವುದರಿಂದ ನಿಮಗೆ ಆ ಕಾಟ ಕಡಿಮೆ. ನಿಮ್ಮಲ್ಲಿ ಕೆಡುವುದು ಪದದ ಮೊದಲಿನ ಕ, ಟ, ಪ. ಹಾಗಾಗಿ ಅವನ್ನು ಗಟ್ಟಿಯಾಗಿ ಉಚ್ಚರಿಸುವುದು ಪ್ರತಿ ಧ್ವನಿಗೆ ಇಬ್ಬರು ಮಾತ್ರ ಎಂದು ಮೊದಲೇ ಹೇಳಿಡಿ, ಉಳಿದವರು ಮೆತ್ತಗೆ ಅನ್ನಲಿ.